ಆನೆ ಎದುರಿಗೆ ಎಂಜಿನ್ ತಾನಾಗಿ ಆಫ್! ಈ ಸ್ಟಾರ್ಟ್-ಸ್ಟಾಪ್ ನಮ್ಮ ಕಡೆಗೆ ಬೇಕಾ?

ಪೊನ್ನಂಪೇಟೆ ತೋಟದವ:

ಎಲ್ಲರಿಗೂ ನಮಸ್ಕಾರ. ಕಾರು ತೆಗೆದು ಎರಡೂವರೆ ವರ್ಷ ಆಯ್ತು. ಪೆಟ್ರೋಲು, ಕೈಯಲ್ಲಿ ಗೇರ್ ಹಾಕುವಂಥದ್ದು. ನಿಂತಾಗ ನ್ಯೂಟ್ರಲ್ ಮಾಡಿ ಕ್ಲಚ್ಚಿಂದ ಕಾಲು ತೆಗೆದರೆ ಎಂಜಿನ್ ತಾನೇ ಆಫ್ ಆಗ್ತದೆ, ಕ್ಲಚ್ ಒತ್ತಿದರೆ ಮತ್ತೆ ಸ್ಟಾರ್ಟ್. ಶೋರೂಮಿನ ಹುಡುಗ ಆಗ 'ಮೈಲೇಜ್ ಸರ್, ಮೈಲೇಜ್' ಅಂತ ಹೇಳಿದ್ದೇ ಹೇಳಿದ್ದು.

ಮೊನ್ನೆ ಮೈಸೂರಿಂದ ಬರುವಾಗ ತಿತಿಮತಿ ಹತ್ತಿರ ಸಂಜೆ ಆರೂವರೆಗೆ ಮುಂದಿನ ಜೀಪು ನಿಂತಿತು. ನೋಡಿದರೆ ಆನೆ, ಜೊತೆಗೆ ಮರಿ. ನಾನೂ ಅಭ್ಯಾಸದ ಮೇಲೆ ನ್ಯೂಟ್ರಲ್ ಮಾಡಿ ಕಾಲು ತೆಗೆದೆ. ಎಂಜಿನ್ ಬಂದ್! ಹೆಂಡತಿ ಪಕ್ಕದಿಂದ 'ಎಂತ ಮಾಡಿದ್ರಿ?' ಅಂತ ಪಿಸುಗುಟ್ಟಿದಳು. ನಾನು ಏನೂ ಮಾಡಿರಲಿಲ್ಲ ಮಾರಾಯ್ರೆ, ಮಾಡಿದ್ದು ಕಾರು. ಕ್ಲಚ್ ಒತ್ತಿದ ಕೂಡಲೇ ಸ್ಟಾರ್ಟ್ ಆಯ್ತು, ಸುಳ್ಳು ಹೇಳಬಾರದು. ಆದರೂ ಆ ಒಂದು ಗಳಿಗೆ ಉಂಟಲ್ಲ, ಅದನ್ನು ಮರೆಯೋಕೆ ಆಗ್ತಿಲ್ಲ.

ಅದಕ್ಕೂ ಮೊದಲು ಒಂದು ಚೆಕ್‌ಪೋಸ್ಟಿನಲ್ಲಿ ಹಿಂದಿನ ಜೇಬಿಂದ ಪರ್ಸ್ ತೆಗೆಯೋಕೆ ಸೀಟ್ ಬೆಲ್ಟ್ ಬಿಚ್ಚಿದ್ದೆ. ಆಮೇಲೆ ಕ್ಲಚ್ ಎಷ್ಟು ಒತ್ತಿದರೂ ಗಾಡಿ ಜಪ್ಪಯ್ಯ ಅನ್ನಲಿಲ್ಲ. ಹಿಂದೆ ಕೇರಳದ ಲಾರಿಯವನ ಹಾರ್ನ್. ಕೊನೆಗೆ ಕೀ ತಿರುಗಿಸಿದ ಮೇಲೆ ಹೊರಟಿತು.

ಈಗ ಬ್ಯಾಟರಿ ಹೋಗ್ತಾ ಬಂದಿದೆ. ಈ ಸ್ಟಾರ್ಟ್-ಸ್ಟಾಪ್ ಗಾಡಿಗೆ ಬೇರೆಯೇ ಥರದ ಬ್ಯಾಟರಿ ಬೇಕಂತೆ, ಹೊಸದರ ರೇಟು ಕೇಳಿದರೆ ಮಾಮೂಲಿ ಬ್ಯಾಟರಿಗಿಂತ ಒಂದೂವರೆ ಪಟ್ಟು ಹೇಳ್ತಾರೆ. ಸಿಟ್ಟಿಗೆ ಒಂದು ವಾರ ಮೊಬೈಲ್ ಸ್ಟಾಪ್‌ವಾಚ್ ಇಟ್ಟುಕೊಂಡು ಲೆಕ್ಕ ಹಾಕಿದೆ. ದಿನಾ ಮನೆಯಿಂದ ಗೋಣಿಕೊಪ್ಪ, ವಾಪಸ್ ಮನೆ. ಏಳು ದಿನಕ್ಕೆ ನಾನು ನಿಂತದ್ದು ಒಟ್ಟು 9 ನಿಮಿಷ, ಅದರಲ್ಲಿ ನಾಲ್ಕು ಸಂತೆ ದಿನದ್ದು. ಇದಕ್ಕೆ ಇಷ್ಟೆಲ್ಲ ಬೇಕಾ? ಮಾಮೂಲಿ ಬ್ಯಾಟರಿ ಹಾಕಿ ಈ ವ್ಯವಸ್ಥೆಯನ್ನೇ ಬಂದ್ ಮಾಡಿಸಿದರೆ ಏನಾದರೂ ತೊಂದರೆ ಉಂಟಾ?

ಕುಶಾಲನಗರ ಗ್ಯಾರೇಜ್:

ಅಣ್ಣ, ಬೆಲ್ಟಿನ ವಿಷಯ ಮೊದಲು. ಅದು ಕೆಟ್ಟದ್ದಲ್ಲ. ಬೆಲ್ಟ್ ಬಿಚ್ಚಿದರೆ ಅಥವಾ ಬಾಗಿಲು ತೆಗೆದರೆ ಡ್ರೈವರ್ ಇಳಿದ ಅಂತ ಗಾಡಿ ತಿಳ್ಕೊಳ್ತದೆ. ಆಮೇಲೆ ತಾನಾಗಿ ಸ್ಟಾರ್ಟ್ ಆಗಬಾರದು ಅಂತಲೇ ಹಾಗೆ ಇಟ್ಟಿರೋದು.

ನಿಮ್ಮ 9 ನಿಮಿಷದ ಲೆಕ್ಕ ನೋಡಿ ನಗು ಬಂತು, ಆದರೆ ಲೆಕ್ಕ ಸರಿ ಉಂಟು. ಸಣ್ಣ ಪೆಟ್ರೋಲ್ ಎಂಜಿನ್ ಸುಮ್ಮನೆ ನಿಂತು ಓಡಿದರೆ ಗಂಟೆಗೆ ಸುಮಾರು 0.6 ಲೀಟರ್ ಕುಡಿಯುತ್ತೆ, ಎಸಿ ಹಾಕಿದರೆ ಇನ್ನೂ ಜಾಸ್ತಿ. 9 ನಿಮಿಷಕ್ಕೆ 90 ಮಿಲಿ. ವಾರಕ್ಕೆ ಒಂದು ಸಣ್ಣ ಲೋಟ ಕಾಫಿಯಷ್ಟು ಪೆಟ್ರೋಲು, ಒಂಬತ್ತು ಹತ್ತು ರೂಪಾಯಿ. ಇದರಲ್ಲಿ ಬ್ಯಾಟರಿಯ ಹೆಚ್ಚಿನ ದುಡ್ಡು ಹುಟ್ಟೋದು ಯಾವ ಕಾಲಕ್ಕೋ.

ಹಾಗಾದರೆ ಕಂಪನಿಯವರು ಯಾಕೆ ಹಾಕ್ತಾರೆ? ನಮ್ಮಲ್ಲಿ ಮೈಲೇಜ್ ಅಳೆಯುವ ಪರೀಕ್ಷೆ 1,180 ಸೆಕೆಂಡಿನದ್ದು, ಅದರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಗಾಡಿ ನಿಂತೇ ಇರ್ತದೆ. ಅಲ್ಲಿ ಎಂಜಿನ್ ಬಂದ್ ಆದರೆ ನಂಬರ್ ಏರ್ತದೆ. ಪೊನ್ನಂಪೇಟೆಯಲ್ಲಿ ಕಾಲು ಭಾಗ ನಿಲ್ಲೋರು ಯಾರು?

ಎಂಜಿನ್ನಿಗೆ, ಸ್ಟಾರ್ಟರಿಗೆ ಏಟು ಬೀಳ್ತದೆ ಅನ್ನೋ ಹೆದರಿಕೆ ಬೇಡ. ಈ ಗಾಡಿಗಳ ಸ್ಟಾರ್ಟರ್ ಮೋಟರೇ ಗಟ್ಟಿ, ಎಂಜಿನ್ ಬಿಸಿ ಆಗದೆ ಅದು ಆಫ್ ಮಾಡೋದೂ ಇಲ್ಲ. 2015ರ ಸಿಯಾಜ್‌ನಲ್ಲಿ ಮಾರುತಿಯವರು ತಂದ ಥರದ್ದಾದರೆ ಬಾನೆಟ್ ಒಳಗಿನ ಬೆಲ್ಟಿಂದಲೇ ಎಂಜಿನ್ ತಿರುಗಿಸ್ತದೆ, ಕಿರ್ ಅನ್ನೋ ಸದ್ದೂ ಇಲ್ಲ.

ನಿಮ್ಮ ಕೇಸಲ್ಲಿ ಬ್ಯಾಟರಿ ಹೋಗಿರೋದು ಸ್ಟಾರ್ಟ್-ಸ್ಟಾಪ್‌ನಿಂದ ಅಲ್ಲ ಅಂತ ನನ್ನ ಅಂದಾಜು. ದಿನಾ ನಾಲ್ಕೈದು ಕಿಲೋಮೀಟರ್ ಓಡಿಸೋದು, ಮಳೆಗಾಲ ಪೂರ್ತಿ ವೈಪರ್, ಲೈಟು, ಗಾಜಿನ ಮಂಜು ತೆಗೆಯೋ ಫ್ಯಾನು. ಚಾರ್ಜ್ ಆಗೋಕೆ ಸಮಯ ಎಲ್ಲಿ? ಚಾರ್ಜ್ ಕಮ್ಮಿ ಇದ್ದರೆ ಗಾಡಿ ತಾನಾಗಿ ಎಂಜಿನ್ ಆಫ್ ಮಾಡೋದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಗಾಡಿ ನಿಂತಾಗ ಆಫ್ ಆದದ್ದು ನೆನಪುಂಟಾ? ಆಗಿರಲಿಕ್ಕಿಲ್ಲ.

ಮಾಮೂಲಿ ಬ್ಯಾಟರಿ ಮಾತ್ರ ಹಾಕಬೇಡಿ. ಗುಂಡಿ ಒತ್ತಿ ಆಫ್ ಮಾಡಿದರೂ ಮುಂದಿನ ಸಲ ಕೀ ತಿರುಗಿಸಿದಾಗ ವ್ಯವಸ್ಥೆ ಮತ್ತೆ ಆನ್. ಗುಂಡಿ ಒತ್ತೋದು ಮರೀತಾ ಹೋದರೆ ಮಾಮೂಲಿ ಬ್ಯಾಟರಿ ಬೇಗ ಸುಸ್ತು. ಇನ್ನೊಂದು, ಜೀಪಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡುವಾಗ ನೆಗೆಟಿವ್ ಕ್ಲಿಪ್ಪನ್ನು ಬ್ಯಾಟರಿಯ ಕಂಬಕ್ಕೆ ಹಾಕಬೇಡಿ, ಎಂಜಿನ್ನಿನ ಕಬ್ಬಿಣಕ್ಕೆ ಹಾಕಿ. ಆ ಕಂಬದಲ್ಲಿ ಬ್ಯಾಟರಿಯ ಚಾರ್ಜ್ ನೋಡುವ ಸಣ್ಣ ಸೆನ್ಸರ್ ಇರ್ತದೆ, ನೇರ ಹಾಕಿದರೆ ಅದಕ್ಕೆ ಲೆಕ್ಕ ತಪ್ಪುತ್ತೆ.

ಮಡಿಕೇರಿ ಟ್ಯಾಕ್ಸಿ:

ಶನಿವಾರ ಭಾನುವಾರ ರಾಜಾಸೀಟ್ ರಸ್ತೆಗೆ ಬನ್ನಿ, ಕಾಲು ಭಾಗ ಅಲ್ಲ, ಮುಕ್ಕಾಲು ಭಾಗ ನಿಲ್ಲಿಸಿ ತೋರಿಸ್ತೇನೆ. ಆದರೆ ಅಲ್ಲೂ ನಾನು ಗುಂಡಿ ಒತ್ತಿ ಆಫ್ ಮಾಡಿಡ್ತೇನೆ. ಹತ್ತು ಅಡಿ ಹೋಗಿ ನಿಲ್ಲು, ಮತ್ತೆ ಹತ್ತು ಅಡಿ. ಐದು ಸೆಕೆಂಡಿಗೊಮ್ಮೆ ಆಫ್-ಆನ್ ಮಾಡಿ ಉಳಿಯೋದು ಎಂತ? ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ ಮಾತ್ರ ಲಾಭ. ಬೆಂಗಳೂರಿಗೆ ಬಾಡಿಗೆ ಹೋದರೆ ಆನ್ ಮಾಡ್ತೇನೆ. ಅಲ್ಲಿನ ದೊಡ್ಡ ಸಿಗ್ನಲ್ಲುಗಳಲ್ಲಿ ಒಂದೂವರೆ ಎರಡು ನಿಮಿಷ ಸುಮ್ಮನೆ ನಿಲ್ಲಬೇಕು, ಅಲ್ಲಿ ಇದು ನಿಜಕ್ಕೂ ಕೆಲಸಕ್ಕೆ ಬರ್ತದೆ.

ಆನೆ ವಿಷಯಕ್ಕೆ: ಗೇರಲ್ಲೇ ಇಟ್ಟು ಕ್ಲಚ್ ಒತ್ತಿ ಹಿಡಿದುಕೊಳ್ಳಿ ಅಣ್ಣ, ಆಫ್ ಆಗಲ್ಲ. ಕಾಲು ನೋಯ್ತದೆ, ನೋಯಲಿ.

ಪೊನ್ನಂಪೇಟೆ ತೋಟದವ:

ಗ್ಯಾರೇಜಿನವರೆ, ಮಳೆಗಾಲದ ಮಾತು ಸತ್ಯ. ಆ ನಾಲ್ಕು ತಿಂಗಳು ಅದು ಒಂದು ಸಲವೂ ಆಫ್ ಆಗಿರಲಿಲ್ಲ. ಕೆಟ್ಟು ಹೋಗಿದೆ ಅಂತ ನಾನು ಒಳಗೊಳಗೇ ಖುಷಿಪಟ್ಟಿದ್ದೆ!

ಸರಿ, ಸರಿಯಾದ ಬ್ಯಾಟರಿಯನ್ನೇ ಹಾಕಿಸ್ತೇನೆ. ಊರಲ್ಲಿ ಇರುವಷ್ಟು ದಿನ ಗುಂಡಿ ಒತ್ತುವುದು, ಮೈಸೂರು ಮುಟ್ಟಿದ ಮೇಲೆ ಬಿಡುವುದು. ವಾಪಸ್ ಬರುವಾಗ ಕಾಡಿನ ಆನೆಚೌಕೂರು ಗೇಟ್ ಬಂದಾಗ ಗುಂಡಿ ನೆನಪಿಸುವ ಕೆಲಸ ಹೆಂಡತಿ ವಹಿಸಿಕೊಂಡಿದ್ದಾಳೆ.

ಕೊನೆಗೊಂದು ಪ್ರಶ್ನೆ: ಹಳೆ ಬ್ಯಾಟರಿಯನ್ನು ತೋಟದ ಸೋಲಾರ್ ಬೇಲಿಗೆ ಹಾಕಬಹುದಾ? ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಈಗಲೇ ಕಣ್ಣು ಹಾಕಿ ಕೂತಿದ್ದಾರೆ.

ಕುಶಾಲನಗರ ಗ್ಯಾರೇಜ್:

ಹಾಕಿ ನೋಡಿ, ಆದರೆ ಜಾಸ್ತಿ ದಿನ ನಂಬಬೇಡಿ. ಕಾರಿನ ಬ್ಯಾಟರಿ ಒಮ್ಮೆಗೇ ಜೋರಾಗಿ ಕರೆಂಟ್ ಕೊಡೋಕೆ ಮಾಡಿದ್ದು, ರಾತ್ರಿಯಿಡೀ ನಿಧಾನಕ್ಕೆ ಖಾಲಿ ಆಗೋಕಲ್ಲ. ಬೇಲಿ ಸತ್ತ ದಿನವೇ ಆನೆ ಬರೋದು, ಗೊತ್ತಲ್ಲ. ಹಳೇದನ್ನು ಅಂಗಡಿಗೆ ಕೊಟ್ಟರೆ ಹೊಸದರಲ್ಲಿ ಸ್ವಲ್ಪ ಕಳೀತಾರೆ, ರೈಟರಿಗೆ ಹಾಗೇ ಹೇಳಿ.