ಸಹಾಯ ಬೇಕು: ದೋಣಿಗೆ ಎಪಾಕ್ಸಿ (ಎರಡು ದ್ರವ ಕಲಸಿ ಮಾಡುವ ಗಟ್ಟಿ ಅಂಟು) ಹಚ್ಚಿ ಗೊತ್ತಿರುವವರು ತುಮಕೂರಿನಲ್ಲಿ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮನೆಯ ಶೆಡ್ಡಿನಲ್ಲಿ ಇಬ್ಬರು ಕೂರುವಂಥ ಪ್ಲೈವುಡ್ ದೋಣಿ ಕಟ್ಟುತ್ತಿದ್ದೇನೆ. ದೇವರಾಯನದುರ್ಗ, ಮಧುಗಿರಿ ಅಂತ ಬೆಟ್ಟ ಹತ್ತದ ಭಾನುವಾರಗಳೆಲ್ಲ ಇದಕ್ಕೇ. ಐಎಸ್ 710 ಗುರುತಿನ ಮರೀನ್ ಪ್ಲೈ (ನೀರು ತಡೆದುಕೊಳ್ಳುವ ಪ್ಲೈವುಡ್) ಹಲಗೆಗಳ ಅಂಚಿಗೆ ತೂತು ಹಾಕಿ, ತಾಮ್ರದ ತಂತಿಯಲ್ಲಿ ಹೊಲಿದಾಗಿದೆ. ಮೂತಿಯ ಹತ್ತಿರ ಎರಡು ಹಲಗೆ ಬಾಗಿ ಕೂಡಿರುವುದು ನೋಡ್ತಾನೇ ಇರಬೇಕು ಅನ್ನಿಸುತ್ತೆ.

ಈಗ ಸಂದಿಗೆ ಎಪಾಕ್ಸಿ ತುಂಬಿ, ಮೇಲೆ ಗ್ಲಾಸ್ ಫೈಬರ್ ಬಟ್ಟೆ ಅಂಟಿಸಬೇಕು. ಈ ಸೆಖೆಗೆ ಕಲಸಿದ ಎಪಾಕ್ಸಿ ಡಬ್ಬದಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತಿದೆ. ನಿಧಾನವಾಗಿ ಗಟ್ಟಿ ಮಾಡುವ ಹಾರ್ಡನರ್ (ಎಪಾಕ್ಸಿಗೆ ಬೆರೆಸುವ ಎರಡನೇ ದ್ರವ) ನಮ್ಮೂರಲ್ಲಿ ಸಿಗುತ್ತಾ? ಬೆಂಗಳೂರಾದರೂ ಸರಿ. ಬಟ್ಟೆಯಡಿ ಗುಳ್ಳೆ ಉಳಿಯದ ಹಾಗೆ ಅಂಟಿಸಲು ಬಲ್ಲವರು ಒಂದು ದಿನ ಜೊತೆಗೆ ನಿಲ್ಲುತ್ತೀರಾ? ಬಟ್ಟೆ ಅಂಟಿಸುವಾಗ ಕೆಟ್ಟರೆ ಉಜ್ಜಿ ತೆಗೆಯುವುದು ತುಂಬಾ ಕಷ್ಟ, ಅದಕ್ಕೇ ಕೇಳುತ್ತಿದ್ದೇನೆ. ಊಟ ನಮ್ಮ ಮನೆಯಲ್ಲೇ.

ಮಾರ್ಕೋನಹಳ್ಳಿ ಜಲಾಶಯದಲ್ಲಿ ಸ್ವಂತ ದೋಣಿ ಇಳಿಸಲು ಯಾರ ಅನುಮತಿ ಬೇಕು ಅಂತ ಗೊತ್ತಿದ್ದರೆ ಅದನ್ನೂ ತಿಳಿಸಿ.