ಡೀಲರ್ ಚುಕ್ಕೆ ಸಮುದ್ರದಾಗ, ಕೊಪ್ಪಳ ಖಾಲಿ: ಪವರ್ ಬಿಐ ನಕ್ಷೆ ಸರಿ ಮಾಡೋದು ಹೆಂಗ?

ಕೇಳಿದವರು, ಗಂಗಾವತಿ

ಬೀಜ, ಗೊಬ್ಬರ ಮಾರಾಟದ ತಿಂಗಳ ವರದಿ ಪವರ್ ಬಿಐನಾಗ (ಮೈಕ್ರೋಸಾಫ್ಟ್‌ನ ವರದಿ ಮಾಡೋ ಸಾಫ್ಟ್‌ವೇರ್) ಮಾಡ್ತೀವಿ. ಬಳ್ಳಾರಿ, ವಿಜಯನಗರ, ರಾಯಚೂರು, ಕೊಪ್ಪಳ ಜಿಲ್ಲಾದ ಡೀಲರ್ ಪಟ್ಟಿ ಎಕ್ಸೆಲ್‌ನಾಗೈತಿ. ಟೇಬಲ್‌ನಾಗ ಲೆಕ್ಕ ಎಲ್ಲಾ ಸರಿ. ನಕ್ಷೆಗೆ ಹಾಕಿದ್ರ ಅಕ್ಷಾಂಶ, ರೇಖಾಂಶ ಇರೋ ಕೆಲವು ಡೀಲರ್ ಸಮುದ್ರದಾಗ ಬೀಳ್ತಾರ. ಬರೀ ಊರ ಹೆಸರಿದ್ದಲ್ಲಿ ವಿಜಯನಗರ ಬೆಂಗಳೂರಿಗೆ ಹೋಗ್ತೈತಿ. ಶೇಪ್ ಮ್ಯಾಪ್‌ನಾಗ (ಜಿಲ್ಲಾ ಗಡಿಯೊಳಗ ಬಣ್ಣ ತುಂಬೋ ನಕ್ಷೆ) ರಾಯಚೂರು, ಬಳ್ಳಾರಿಗೆ ಬಣ್ಣ ಬರ್ತೈತಿ, ಕೊಪ್ಪಳ ಖಾಲಿ. ಎಲ್ಲಿಂದ ಹಿಡೀಬೇಕು, ಗೊತ್ತಿದ್ದವ್ರು ಹೇಳ್ರಿ.

ರಾಯಚೂರಿನಿಂದ

ಸರ್, ಮೊದ್ಲು ಯಾವ ಸಮುದ್ರ ಅಂತ ನೋಡ್ರಿ. ಅದ್ರಾಗ ಅರ್ಧ ಉತ್ತರ ಐತಿ.

ಆಫ್ರಿಕಾದ ಪಶ್ಚಿಮಕ್ಕ ಗಿನಿ ಕೊಲ್ಲಿಯಾಗ ಬಿದ್ದಿದ್ರ ಅದು 0, 0. ಖಾಲಿ ಬಿಡೋ ಬದ್ಲು ಯಾರೋ ಸೊನ್ನೆ ತುಂಬ್ಯಾರ. ಪವರ್ ಕ್ವೆರಿಯಾಗ (ಪವರ್ ಬಿಐನಾಗ ಡೇಟಾ ಸ್ವಚ್ಛ ಮಾಡೋ ಭಾಗ) ಸೊನ್ನೆ ತೆಗೆದು ನಲ್, ಅಂದ್ರ ಖಾಲಿ, ಮಾಡ್ರಿ.

ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್‌ಬಾರ್ಡ್ ಹತ್ರ ಇದ್ರ ಎರಡು ಕಾಲಮ್ ಅದಲುಬದಲು. ಬಳ್ಳಾರಿ ಅಂದ್ರ ಅಕ್ಷಾಂಶ 15.14, ರೇಖಾಂಶ 76.92. ತಿರುವಿದ್ರ ಸೀದಾ ಹಿಮದಾಗ.

ಜಪಾನಿನ ಆಗ್ನೇಯಕ್ಕ ಪೆಸಿಫಿಕ್‌ನಾಗ ಇದ್ರ ಅದು ಮೊತ್ತದ ಕಾಟ. ಒಬ್ಬ ಡೀಲರ್‌ಗೆ ಎರಡು ಸಾಲು ಇದ್ದು ಕಾಲಮ್ 'ಸಮ್' ಆಗಿದ್ರ 15.14 ಹೋಗಿ 30.28, 76.92 ಹೋಗಿ 153.84. ಎರಡೂ ಕಾಲಮ್ ಆರಿಸಿ, ಕಾಲಮ್ ಟೂಲ್ಸ್‌ನಾಗ ಸಮ್ಮರೈಸೇಶನ್ 'ಡೋಂಟ್ ಸಮ್ಮರೈಜ್' ಮಾಡ್ರಿ, ಡೇಟಾ ಕ್ಯಾಟಗರಿ ಲ್ಯಾಟಿಟ್ಯೂಡ್, ಲಾಂಗಿಟ್ಯೂಡ್ ಅಂತ ಕೊಡ್ರಿ. ಆವರೇಜ್ ಹಾಕಿ ಮುಚ್ಚಬ್ಯಾಡ್ರಿ. ಎರಡು ಅಂಗಡಿ ಇರೋ ಡೀಲರ್‌ನ ಚುಕ್ಕೆ ನಡುವಿನ ಹೊಲದಾಗ ನಿಂತುಬಿಡ್ತೈತಿ.

ಸಮುದ್ರಕ್ಕ ಹೋಗದ ತಪ್ಪೇ ಇನ್ನೂ ಕೆಟ್ಟದ್ದು. 15 ಡಿಗ್ರಿ 8 ನಿಮಿಷ 24 ಸೆಕೆಂಡ್ ಅನ್ನೋದನ್ನ 15.0824 ಅಂತ ಬರೀತಾರ. ಸರಿಯಾದ್ದು 15 + 8/60 + 24/3600, ಅಂದ್ರ 15.14. ಚುಕ್ಕೆ ಆರು ಕಿಲೋಮೀಟರ್‌ಗಿಂತ ಹೆಚ್ಚು ದಕ್ಷಿಣಕ್ಕ ಸರೀತೈತಿ, ಯಾರ ಕಣ್ಣಿಗೂ ಬೀಳಂಗಿಲ್ಲ.

ಕಾವಲಿಗೆ ಒಂದು ಕಂಡಿಷನಲ್ ಕಾಲಮ್ ಇಡ್ರಿ: ಅಕ್ಷಾಂಶ 14ರಿಂದ 17, ರೇಖಾಂಶ 75ರಿಂದ 78ರ ಹೊರಗಿದ್ರ 'ತಪ್ಪು'. ನಿಮ್ಮ ನಾಲ್ಕೂ ಜಿಲ್ಲಾ ಆ ಚೌಕದಾಗ ಬರ್ತಾವ.

ಸಿಂಧನೂರಿನಿಂದ

ಕೊಪ್ಪಳಕ್ಕ ನಂದೊಂದು ಮಾತು. ಶೇಪ್ ಮ್ಯಾಪ್ ಹೆಸರನ್ನ ಅಕ್ಷರಕ್ಕ ಅಕ್ಷರ ಹೊಂದಿಸಿ ನೋಡ್ತೈತಿ. ನಿಮ್ಮ ಪಟ್ಟಿ, ಗಡಿ ಫೈಲ್ (ಜಿಲ್ಲಾ ಗಡಿ ಗೆರೆ ಇರೋ ನಕ್ಷೆ ಫೈಲ್) ಎರಡೂ ಕನ್ನಡದಾಗಿದ್ರ 'ಕೊ' ಮ್ಯಾಲೆ ಅನುಮಾನ ಪಡ್ರಿ. ಯೂನಿಕೋಡ್‌ನಾಗ ಒ-ಕಾರದ ಚಿಹ್ನೆ ಒಂದೇ ಸಂಕೇತ ಆಗಿರಬಹುದು (3274), ಇಲ್ಲಾ ಎ-ಕಾರ, ಊ-ಕಾರದ ಎರಡು ಚಿಹ್ನೆ ಸೇರಿ ಆಗಿರಬಹುದು (3270, 3266). ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬ್ಯಾರೆ ಬ್ಯಾರೆ. ಪವರ್ ಕ್ವೆರಿಯಾಗ ಸಂಕೇತ ಎಣಿಸೋ ಟೆಕ್ಸ್ಟ್.ಲೆಂಗ್ತ್ ಫಂಕ್ಷನ್ ಹಾಕ್ರಿ: 'ಕೊಪ್ಪಳ' 6 ಬರಬೇಕು. 7 ಬಂದ್ರ ಕಳ್ಳ ಸಿಕ್ಕ. ಟೆಕ್ಸ್ಟ್.ರಿಪ್ಲೇಸ್ ಒಳಗ ಕ್ಯಾರೆಕ್ಟರ್.ಫ್ರಮ್‌ನಂಬರ್ ಬಳಸಿ 3270, 3266 ಜೋಡಿ ತೆಗೆದು 3274 ಹಾಕ್ರಿ. ಹೊಸಪೇಟೆಗೆ ಇನ್ನೊಂದು ಜೋಡಿ ಬೇಕು: 3270, 3285 ತೆಗೆದು 3271. ರಾಯಚೂರು, ಬಳ್ಳಾರಿಯಾಗ ಇಂಥ ಚಿಹ್ನೆ ಇಲ್ಲ, ಅದಕ್ಕ ಅವು ಹೊಂದಿಕೊಂಡಾವ.

ಪಟ್ಟಿ ಹಳೇ ನುಡಿ ಫಾಂಟ್‌ನಾಗ ಟೈಪ್ ಮಾಡಿದ್ದಾದ್ರ ಇದೆಲ್ಲ ದಂಡ. ಅದು ಒಳಗ ಇಂಗ್ಲಿಷ್ ಅಕ್ಷರಾನೇ. ಮೊದ್ಲು ಯೂನಿಕೋಡ್‌ಗೆ ಪರಿವರ್ತಿಸ್ರಿ.

ಬಳ್ಳಾರಿಯಿಂದ

ಹೆಸರಿನಿಂದ ಜೋಡಿಸೋದನ್ನೇ ಬಿಟ್ಟುಬಿಡಿ ಅಂತ ನನ್ನ ಸಲಹೆ. 2014ರ ನವೆಂಬರ್ 1ರಿಂದ ಬಳ್ಳಾರಿ, ಹೊಸಪೇಟೆಯ ಇಂಗ್ಲಿಷ್ ಕಾಗುಣಿತವೇ ಬದಲಾಗಿದೆ. ಹಳೇ ಫೈಲ್‌ಗಳಲ್ಲಿ ಇನ್ನೂ ಹಳೇದೇ ಇರುತ್ತೆ. ಪ್ರತಿ ತಾಲೂಕಿಗೂ ಒಂದು ಕೋಡ್ ಕೊಟ್ಟು ಎರಡೂ ಕಡೆ ಅದನ್ನೇ ಇಡಿ.

ವಿಜಯನಗರ ಬೆಂಗಳೂರಿಗೆ ಹೋಗೋದು ಅಲ್ಲೂ ಆ ಹೆಸರಿನ ಬಡಾವಣೆ ಇರೋದರಿಂದ. 'ಹೊಸಪೇಟೆ, ವಿಜಯನಗರ ಜಿಲ್ಲೆ, ಕರ್ನಾಟಕ, ಭಾರತ' ಅಂತ ಪೂರ್ತಿ ವಿಳಾಸದ ಕಾಲಮ್ ಮಾಡಿ, ಕ್ಯಾಟಗರಿ 'ಪ್ಲೇಸ್' ಕೊಡಿ. ಆದರೂ ಚುಕ್ಕೆ ನಕ್ಷೆಗೆ ಅಕ್ಷಾಂಶ, ರೇಖಾಂಶವೇ ವಾಸಿ.

ನೀವು ಕೇಳದೇ ಇರೋ ಒಂದು ತೊಂದರೆಯೂ ಇದೆ. ವಿಜಯನಗರ ಜಿಲ್ಲೆ ಆಗಿದ್ದು 2021ರಲ್ಲಿ. ನಿಮ್ಮ ಗಡಿ ಫೈಲ್ 2011ರ ಜನಗಣತಿಯದಾದರೆ ಅದರಲ್ಲಿ ಆ ಜಿಲ್ಲೆಯೇ ಇರಲ್ಲ. ಅಲ್ಲಿನ ಮಾರಾಟ ನಕ್ಷೆಯಿಂದ ಸದ್ದಿಲ್ಲದೆ ಬಿದ್ದುಹೋಗುತ್ತೆ, ಈಗಿನ ಬಳ್ಳಾರಿಯ ಲೆಕ್ಕ ಹಳೇ ದೊಡ್ಡ ಬಳ್ಳಾರಿಯ ಮೇಲೆ ಬಣ್ಣವಾಗಿ ಹರಡುತ್ತೆ. ಮ್ಯಾಪ್‌ಶೇಪರ್‌ನಲ್ಲಿ (ನಕ್ಷೆ ಫೈಲ್ ತಿದ್ದೋ ಸಾಧನ) ತಾಲೂಕು ಗಡಿಗಳನ್ನ ಡಿಸಾಲ್ವ್ ಮಾಡಿ, ಅಂದರೆ ನಡುವಿನ ಗೆರೆ ಅಳಿಸಿ ಒಂದು ಮಾಡಿ, ಜಿಲ್ಲೆ ಕಟ್ಟಿಕೊಳ್ಳಬಹುದು: ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಜೊತೆಗೆ ಆ ಫೈಲ್‌ನಲ್ಲಿ ದಾವಣಗೆರೆ ಕೆಳಗಿರೋ ಹರಪನಹಳ್ಳಿ. ಕೊಟ್ಟೂರು ಆಗ ಕೂಡ್ಲಿಗಿಯೊಳಗೇ ಇತ್ತು, ಚಿಂತೆಯಿಲ್ಲ. ಎಡವೋದು ಕಂಪ್ಲಿಯಲ್ಲಿ. ಆಗ ಅದು ಹೊಸಪೇಟೆ ತಾಲೂಕು, ಈಗ ಬಳ್ಳಾರಿ ಜಿಲ್ಲೆಯ ತಾಲೂಕು. ಸುಮ್ಮನೆ ಕೂಡಿಸಿದರೆ ಕಂಪ್ಲಿ ವಿಜಯನಗರಕ್ಕೆ ಹೋಗುತ್ತೆ.

ಗಡಿ ಫೈಲನ್ನ ಮ್ಯಾಪ್‌ಶೇಪರ್‌ಗೆ ಅಪ್‌ಲೋಡ್ ಮಾಡುವಾಗ ಎಸ್‌ಎಚ್‌ಪಿ ಜೊತೆ ಡಿಬಿಎಫ್, ಎಸ್‌ಎಚ್‌ಎಕ್ಸ್, ಪಿಆರ್‌ಜೆ ನಾಲ್ಕೂ ಹಾಕಿ. ಗಡಿಯ ಅಂಕಿ 700000 ಥರ ಕಂಡರೆ ಅದು ಡಿಗ್ರಿ ಅಲ್ಲ, ಯುಟಿಎಂ ಅನ್ನೋ ನಕ್ಷೆ ಪದ್ಧತಿಯ ವಲಯ 43ರ ಮೀಟರ್ ಲೆಕ್ಕ. ಡಬ್ಲ್ಯುಜಿಎಸ್ 84ಕ್ಕೆ (ಅಕ್ಷಾಂಶ, ರೇಖಾಂಶದ ಡಿಗ್ರಿ ಲೆಕ್ಕ) ಬದಲಿಸಿ, ಶೇಪ್ ಮ್ಯಾಪ್ ಓದೋ ಟೋಪೋಜೇಸನ್ ಫೈಲ್ ಆಗಿ ಇಳಿಸಿಕೊಳ್ಳಿ.

ಕೇಳಿದವರು

ಚುಕ್ಕೆ ಪೆಸಿಫಿಕ್‌ನಾಗೇ ಇತ್ತು ಸರ್, ಕಾಲಮ್ 'ಸಮ್' ಆಗಿತ್ತು. ಕೊಪ್ಪಳದ ಉದ್ದ 7 ಬಂತು! ಕಂಪ್ಲಿಗೆ ಏನು ಮಾಡ್ಲಿ? ನಮ್ಮಲ್ಲಿ ಕಾರಟಗಿ, ಕನಕಗಿರಿ, ಕುಕನೂರು ಡೀಲರೂ ಅದಾರ.

ಬಳ್ಳಾರಿಯಿಂದ

ಕಂಪ್ಲಿಗೆ ಹಳ್ಳಿ ಮಟ್ಟದ ಗಡಿ ಫೈಲ್ ಬೇಕು. ಆ ತಾಲೂಕಿನ ಹಳ್ಳಿಗಳನ್ನ ಆರಿಸಿ ಡಿಸಾಲ್ವ್ ಮಾಡಿ. ಅದು ಸಿಗೋವರೆಗೆ ಕಾರಟಗಿ, ಕನಕಗಿರಿ ಮಾರಾಟವನ್ನ ಗಂಗಾವತಿಗೆ, ಕುಕನೂರನ್ನ ಯಲಬುರ್ಗಾಕ್ಕೆ ಸೇರಿಸಿ ತೋರಿಸಿ, ಶೀರ್ಷಿಕೆಯಲ್ಲೇ '2011ರ ತಾಲೂಕು ಗಡಿ' ಅಂತ ಬರೆಯಿರಿ.