ಪದಚರ್ಚೆ: ಲಂಪ್ ಚಾರ್ಕೋಲ್, ಬ್ರಿಕೆಟ್ – ಚೀಲದ ಮೇಲೆ ಏನೆಂದು ಬರೆಯುವುದು?

ಬೆಂಗಳೂರಿನಿಂದ, ಕೇಳಿಕೆ

ಚೀಲದ ಬರಹ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು, ಹಾಗಾಗಿ ಇವತ್ತೇ ಉತ್ತರ ಬೇಕು. ಮನೆಯಂಗಳದಲ್ಲಿ ಕೋಳಿ, ಮೀನು, ಪನೀರು ಸುಡುವವರಿಗಾಗಿ ಮೂರು ಬಗೆಯ ಚೀಲಗಳಿವೆ. ಒಂದು ಬಳ್ಳಾರಿ ಜಾಲಿಯ ಮರವನ್ನು ಹಾಗೇ ಸುಟ್ಟು ಮಾಡಿದ ಲಂಪ್ ಚಾರ್ಕೋಲ್. ಇನ್ನೊಂದು ಚಾರ್ಕೋಲ್ ಪುಡಿಗೆ ಗಂಜಿ ಬೆರೆಸಿ ಒತ್ತಿದ ಬ್ರಿಕೆಟ್. ಮೂರನೆಯದು ತೆಂಗಿನ ಚಿಪ್ಪು ಸುಟ್ಟ ಪುಡಿಯಿಂದ ಒತ್ತಿದ ಚೌಕಗಳು. ಕರಡಿನಲ್ಲಿ ಮೂರಕ್ಕೂ ‘ಕಲ್ಲಿದ್ದಲು’ ಎಂದಿದೆ. ಅದು ತಪ್ಪೆಂದು ಗೊತ್ತು, ಬದಲಿಗೆ ಏನು? ‘ಗ್ರಿಲ್’, ‘ಸ್ಮೋಕ್’ ಕ್ರಿಯಾಪದಗಳಿಗೂ ಒಂದೊಂದು ಪದ ಕೊಡಿ. ಚೀಲದ ಮುಖದಲ್ಲಿ ಏಳೆಂಟು ಅಕ್ಷರ ಮಾತ್ರ ಹಿಡಿಯುತ್ತದೆ.

ಧಾರವಾಡದಿಂದ

ಕಲ್ಲಿದ್ದಲನ್ನು ಈಗಲೇ ಹೊಡೆದುಹಾಕಿ. ಅದು ಗಣಿಯದು, ಗಂಧಕದ ಹೊಗೆ ಬರುತ್ತದೆ, ಅದರ ಮೇಲೆ ಅಡುಗೆ ಸುಡಬಾರದು. ನಿಮಗೆ ಬೇಕಾದದ್ದು ಇದ್ದಿಲು. ನಮ್ಮ ಕಡೆ ಇದ್ದಲಿ, ಹಳೆ ಮೈಸೂರಿನ ಹಳ್ಳಿಗಳಲ್ಲಿ ಇಜ್ಜಲು. ಚೀಲಕ್ಕೆ ಇದ್ದಿಲು ಸಾಕು.

ಲಂಪ್‌ಗೆ ಕೆಲವರು ‘ಗಟ್ಟಿ ಇದ್ದಿಲು’ ಎನ್ನುತ್ತಾರೆ, ಅದು ಸಲ್ಲದು. ಒತ್ತಿದ ಬ್ರಿಕೆಟ್ ಹಗುರ ಮರದ ಲಂಪ್‌ಗಿಂತ ಗಟ್ಟಿಯಾಗಿರುತ್ತದೆ. ‘ತುಂಡಿದ್ದಿಲು’ ಕೂಡ ಬೇಡ, ಮೂರೂ ತುಂಡುಗಳೇ. ಲಂಪ್‌ನ ಗುರುತೆಂದರೆ ಮರದ ಆಕಾರ ಹಾಗೇ ಉಳಿದಿರುವುದು: ಗಂಟು, ತೊಗಟೆ, ಬೆಳವಣಿಗೆಯ ಉಂಗುರ ಎಲ್ಲ ಕಾಣುತ್ತವೆ. ಆದ್ದರಿಂದ ‘ಕೊರಡಿದ್ದಿಲು’.

ಮೈಸೂರಿನಿಂದ

ಬ್ರಿಕೆಟ್ ಎಂಬ ಪದ ಚೀಲದ ಮೇಲೆ ಬರಲೇಕೂಡದು. ಫ್ರೆಂಚಿನಲ್ಲಿ ಅದಕ್ಕೆ ಪುಟ್ಟ ಇಟ್ಟಿಗೆ ಎಂದಷ್ಟೇ ಅರ್ಥ. ನಮ್ಮಲ್ಲಿ ಇಟ್ಟಿಗೆ ಇಲ್ಲವೇ? ‘ಇದ್ದಿಲಿಟ್ಟಿಗೆ’ ಎನ್ನಿ. ಹೊತ್ತಿದ ಮೇಲೆ ‘ಇಂಗಳ’ ಎನ್ನಿ, ಎಂಥ ಒಳ್ಳೆಯ ಹಳೆಯ ಪದ! ‘ಅಂಗಾರಗಟ್ಟಿ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಸಂಸ್ಕೃತಕ್ಕೆ ಕನ್ನಡ ಕೂಡಿಸಿದ ಅರಿಸಮಾಸ, ನಡೆಯದು.

ತಿಪಟೂರಿನಿಂದ

ಇದ್ದಿಲಿಟ್ಟಿಗೆ ಎಂದರೆ ಕೊಳ್ಳುವವರು ಒಲೆ ಕಟ್ಟುವ ಇಟ್ಟಿಗೆ ಎಂದುಕೊಳ್ಳುತ್ತಾರೆ. ಮಾರುಕಟ್ಟೆಯ ಬ್ರಿಕೆಟ್ ದಿಂಬಿನ ಆಕಾರದ್ದು. ಅಚ್ಚುಬೆಲ್ಲ ಎನ್ನುವುದಿಲ್ಲವೇ? ಹಾಗೆಯೇ ‘ಅಚ್ಚಿದ್ದಿಲು’. ಅಚ್ಚಿನಲ್ಲಿ ಒತ್ತಿದ್ದು ಎಂಬುದೊಂದೇ ಅದರ ಲಕ್ಷಣ, ಪದದಲ್ಲೂ ಅದೇ ಇದೆ.

ಹೆಸರಿಗಿಂತ ಹಿಂಬದಿಯ ಬರಹ ಮುಖ್ಯ. ಮೂರೂ ಒಂದೇ ರೀತಿ ಉರಿಯುವುದಿಲ್ಲ, ಅದನ್ನು ಬರೆಯಿರಿ.

ಕೊರಡಿನದು ಬೇಗ ಹೊತ್ತುತ್ತದೆ. ಕೊಳವೆಯಂಥ ಚಿಮಣಿಯಲ್ಲಿಟ್ಟು ಕೆಳಗೆ ಕಾಗದ ಹಚ್ಚಿದರೆ 10–15 ನಿಮಿಷ. ಕಾವು ಜೋರು, ಬೂದಿ ಕಡಿಮೆ, ಗಾಳಿಕಂಡಿ ತೆರೆದರೆ ತಕ್ಷಣ ಏರುತ್ತದೆ. ಆದರೆ ಒಂದು ತುಂಡು ಮುಷ್ಟಿಯಷ್ಟು, ಇನ್ನೊಂದು ಹುಣಸೆಬೀಜದಷ್ಟು ಇರುವುದರಿಂದ ಜಾಲರಿಯ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ ಉಳಿಯುತ್ತದೆ. ಚೀಲದ ತಳದ ಪುಡಿಯನ್ನು ಸುರಿಯಬಾರದು, ಅದು ಸಂದುಗಳಲ್ಲಿ ಕೂತು ಗಾಳಿ ತಡೆದು ಬೆಂಕಿಯನ್ನೇ ಆರಿಸುತ್ತದೆ. ಬಳ್ಳಾರಿ ಜಾಲಿ ಅಮೆರಿಕದ ಮೆಸ್ಕೀಟ್ ಮರದ ಕುಲದ್ದೇ. ಕಾವು ಚೆನ್ನ, ಆದರೆ ಕಿಡಿ ಸಿಡಿಯುತ್ತದೆ. ಮುಖ ಬಗ್ಗಿಸಿ ಊದಬೇಡಿ ಎಂದು ಬರೆಯಿರಿ.

ಅಚ್ಚಿದ್ದಿಲು ಹೊತ್ತಲು 15–20 ನಿಮಿಷ ಬೇಕು. ಮೇಲೆಲ್ಲ ಬೂದಿಬಣ್ಣ ಬರುವ ಮೊದಲು ಆಹಾರ ಇಡಬಾರದು. ಕಾವು ಸಮ, ಉರಿಯುವ ಸಮಯವೂ ಹೆಚ್ಚು, ಬೂದಿಯೂ ಹೆಚ್ಚು. ಆ ಬೂದಿ ಕೆಳಗಿನ ಗಾಳಿಕಂಡಿಯನ್ನು ಮುಚ್ಚಿದರೆ ಅರ್ಧದಲ್ಲೇ ಕಾವು ಇಳಿಯುತ್ತದೆ, ನಡುನಡುವೆ ಕೆದಕಬೇಕು. ಮಳೆಗಾಲದಲ್ಲಿ ಚೀಲ ಬಿಗಿಯಾಗಿ ಕಟ್ಟಿಡದಿದ್ದರೆ ಗಂಜಿ ತೇವ ಹೀರಿ ಇದ್ದಿಲು ಉದುರುತ್ತದೆ.

ಚಿಪ್ಪಿನದು ಮೂರರಲ್ಲಿ ದಟ್ಟ; ಹೊತ್ತಲು ನಿಧಾನ, ಹೊಗೆ ತೀರ ಕಡಿಮೆ. ಒಡೆದು ನೋಡಲು ಹೇಳಿ: ಒಳಗೆ ಹೊಳೆಯುವ ಕಪ್ಪಿದ್ದರೆ ಸರಿ, ಕಂದು ಬಣ್ಣವಿದ್ದರೆ ಅರೆಬೆಂದದ್ದು, ಹೊಗೆಯಾಡಿ ಕಣ್ಣುರಿಸುತ್ತದೆ. ಹೆಸರು ‘ಚಿಪ್ಪಿದ್ದಿಲು’. ಇಲ್ಲಿ ಬೇರೆ ಆಯ್ಕೆ ನನಗೆ ಕಾಣುವುದಿಲ್ಲ.

ಮಂಗಳೂರಿನಿಂದ

ಕಾಣುವುದಿಲ್ಲವೆಂದರೆ ಇಲ್ಲವೆಂದಲ್ಲ. ಇಲ್ಲಿ ಅದು ಗೆರಟೆ, ಇದ್ದಿಲಿಗೆ ಮಸಿ ಎಂದೇ ಬಳಕೆ. ‘ಗೆರಟೆ ಮಸಿ’ ಎಂದರೆ ಇಲ್ಲಿ ಎಲ್ಲರಿಗೂ ಗೊತ್ತು. ಘಟ್ಟದ ಮೇಲೆ ಮಸಿ ಎಂದರೆ ಪಾತ್ರೆಯ ಕಪ್ಪು ಅಥವಾ ಶಾಯಿ ಎಂದಾಗುವುದರಿಂದ ಚೀಲಕ್ಕೆ ಒತ್ತಾಯಿಸುವುದಿಲ್ಲ. ‘ಕರಟದಿದ್ದಿಲು’ ಎಂದರೆ ಎಲ್ಲ ಕಡೆಯೂ ಅರ್ಥವಾದೀತು.

ಕ್ರಿಯಾಪದಕ್ಕೆ ಬನ್ನಿ. ಗ್ರಿಲ್ ಎಂದರೆ ‘ಕೆಂಡದಲ್ಲಿ ಸುಡು’. ಸ್ಮೋಕ್‌ಗೆ ‘ಹೊಗೆ ಹಾಕು’ ಬೇಡ, ಆಡುಮಾತಿನಲ್ಲಿ ಅದರ ಅರ್ಥ ಕೆಟ್ಟಿದೆ. ‘ಹೊಗೆಯಲ್ಲಿ ಬೇಯಿಸು’ ಎನ್ನಿ, ಏಕೆಂದರೆ ಇಲ್ಲಿ ಬೇಯುವುದೂ ಇದೆ. ಹೊಗೆಯ ಪರಿಮಳ ಇದ್ದಿಲಿನಿಂದ ಬರುವುದಿಲ್ಲ, ಅದರ ಆವಿಯಾಗುವ ಅಂಶವೆಲ್ಲ ಮರ ಸುಡುವ ಬಟ್ಟಿಯಲ್ಲೇ ಹೋಗಿರುತ್ತದೆ. ಮೇಲಿಡುವ ಸೀಬೆ ಅಥವಾ ಮಾವಿನ ಒಣತುಂಡಿನಿಂದ ಬರುತ್ತದೆ. ಬೇವಿನದು ಕಹಿ. ಕಣಗಿಲೆ ವಿಷ, ಹತ್ತಿರ ತರಬೇಡಿ. ದಟ್ಟ ಬಿಳಿ ಹೊಗೆ ಬಂದರೆ ಕಾಯಬೇಕು, ತೆಳು ನೀಲಿಗೆ ತಿರುಗಿದ ಮೇಲೆ ಮಾಂಸ ಇಡಬೇಕು.

ಹೊಗೆಯಲ್ಲಿ ಬೇಯಿಸಲು ಅಚ್ಚಿದ್ದಿಲೇ ಸರಿ. 57 ಸೆಂ.ಮೀ. ಅಗಲದ ಗುಂಡು ಗ್ರಿಲ್‌ನ ಅಂಚಿನಲ್ಲಿ ಎರಡು ಸಾಲು, ಅದರ ಮೇಲೆ ಇನ್ನೆರಡು ಸಾಲು ಅರ್ಧ ಸುತ್ತು ಜೋಡಿಸಿ, ಒಂದು ತುದಿಗೆ ಹೊತ್ತಿದ ಆರೆಂಟು ತುಂಡು ಇಟ್ಟರೆ ಬೆಂಕಿ ಸಾಲುಗುಂಟ ನಿಧಾನ ಸಾಗುತ್ತದೆ. ಗಾಳಿಕಂಡಿ ಕಿರಿದು ಮಾಡಿ 110–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸಬಹುದು. ಕೊರಡಿದ್ದಿಲನ್ನು ಹೀಗೆ ಜೋಡಿಸಿದರೆ ಸಂದು ಬಿಟ್ಟಲ್ಲಿ ಬೆಂಕಿ ನಿಲ್ಲುತ್ತದೆ, ಒತ್ತೊತ್ತಾದಲ್ಲಿ ಓಡುತ್ತದೆ.

ಮೈಸೂರಿನಿಂದ, ಮತ್ತೆ

ಅಡುಗೆ ಪಾಠ ಆಯಿತು, ಪದದ ಮಾತಿಗೆ ಬನ್ನಿ. ಎರಡು ಕನ್ನಡ ಪದ ಕೂಡಿಸಿ ಮಾಡಬಹುದಾದಲ್ಲಿ ಮೂರನೆಯವರ ಮನೆಗೆ ಸಾಲಕ್ಕೆ ಹೋಗಬಾರದು. ಇಟ್ಟಿಗೆ, ಇಂಗಳ ಎರಡೂ ನಮ್ಮವು. ಇಷ್ಟೇ ನನ್ನ ವಾದ.

ಧಾರವಾಡದಿಂದ, ಮತ್ತೆ

ಎರಡೂ ಸಾಲದ್ದೇ. ಇಟ್ಟಿಗೆ ಸಂಸ್ಕೃತದ ಇಷ್ಟಕೆ, ಪ್ರಾಕೃತದ ದಾರಿಯಲ್ಲಿ ಬಂದದ್ದು. ಇಂಗಳವೂ ಅಂಗಾರದ ಪ್ರಾಕೃತ ರೂಪದಿಂದಲೇ ಬಂದದ್ದು, ಪಠ್ಯಪುಸ್ತಕದ ‘ಇಂಗಾಲ’ವೂ ಅದರ ಮನೆಯದೇ. ಅಂಗಾರಗಟ್ಟಿಯನ್ನು ಬಾಗಿಲಲ್ಲೇ ತಡೆದವರು ಅದರ ಮಗನನ್ನು ಒಳಗೆ ಕೂರಿಸಿದ್ದಾರೆ. ಸಾವಿರ ವರ್ಷದ ಸಾಲ ಸ್ವಂತ, ನೂರು ವರ್ಷದ್ದು ಪರಕೀಯ ಎಂಬುದು ತತ್ವವಲ್ಲ. ಹಾಗೆಂದು ಬ್ರಿಕೆಟ್ ಬೇಕೆಂದೂ ನಾನು ಹೇಳುತ್ತಿಲ್ಲ. ಅಚ್ಚಿದ್ದಿಲು ಸೊಗಸಾಗಿದೆ, ಅದಕ್ಕೆ ನನ್ನ ಒಪ್ಪಿಗೆ.

ನ್ಯೂಜೆರ್ಸಿಯಿಂದ

ಸಾಲ ಪಡೆಯಲೇಬೇಕಾದ ಜಾಗವೂ ಇದೆ. ಜಪಾನಿನ ವಾಕಾಯಾಮ ಪ್ರಾಂತದ ಬಿಂಚೋತಾನ್ ಎಂಬ ಇದ್ದಿಲು ಮುಂದೆ ನಿಮ್ಮ ಚೀಲಕ್ಕೆ ಬಂದರೆ ಅದನ್ನು ‘ಬಿಳಿ ಇದ್ದಿಲು’ ಎಂದಷ್ಟೇ ಅನುವಾದಿಸಬೇಡಿ. ಉಬಾಮೆ ಓಕ್ ಮರವನ್ನು ನಿಧಾನ ಸುಟ್ಟು, ಕೊನೆಯಲ್ಲಿ ಗಾಳಿ ಬಿಟ್ಟು 1000 ಡಿಗ್ರಿಯಾಚೆ ಏರಿಸಿ, ಕೆಂಡವಾಗಿರುವಾಗಲೇ ಹೊರಗೆಳೆದು ತೇವದ ಮಣ್ಣು-ಬೂದಿಯಲ್ಲಿ ಮುಚ್ಚಿ ಆರಿಸುತ್ತಾರೆ. ಬಿಳುಪು ಆ ಬೂದಿಯದು. ತಟ್ಟಿದರೆ ಲೋಹದ ಸದ್ದು. ಅದು ಊರಿಗೂ ಕಸುಬಿಗೂ ಅಂಟಿದ ಹೆಸರು. ಮೈಸೂರು ಪಾಕನ್ನು ಯಾರಾದರೂ ಅನುವಾದಿಸಿದರೆ ನಾವು ಒಪ್ಪುತ್ತೇವೆಯೇ?

ಬೆಂಗಳೂರಿನಿಂದ

ಕೊರಡಿದ್ದಿಲು, ಅಚ್ಚಿದ್ದಿಲು, ಕರಟದಿದ್ದಿಲು – ಈ ಮೂರನ್ನು ಕಳಿಸುತ್ತಿದ್ದೇನೆ. ಅಚ್ಚಿದ್ದಿಲಿನ ಕೆಳಗೆ ಸಣ್ಣಕ್ಷರದಲ್ಲಿ ‘ಬ್ರಿಕೆಟ್’ ಇರುತ್ತದೆ, ಅಂಗಡಿಯಲ್ಲಿ ಕೇಳುವವರು ಆ ಪದದಿಂದಲೇ ಕೇಳುತ್ತಾರೆ.

ಮೈಸೂರಿನಿಂದ

ಸಣ್ಣಕ್ಷರವೂ ಸೋಲೇ.

ತಿಪಟೂರಿನಿಂದ

ದೊಡ್ಡಕ್ಷರದಲ್ಲಿ ಇದನ್ನು ಹಾಕಿ: ‘ಮನೆಯೊಳಗೆ, ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಹೊತ್ತಿಸಬೇಡಿ. ಹೊಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಆರಿದಂತೆ ಕಂಡ ಬೂದಿಯನ್ನು ಒಂದು ದಿನ ಬಿಟ್ಟು ಚೆಲ್ಲಿ.’ ಇಲ್ಲಿ ಕಾರ್ಬನ್ ಬೇಕೋ ಇಂಗಾಲ ಬೇಕೋ ಎಂಬ ಜಗಳವನ್ನು ಅಚ್ಚಾದ ಮೇಲೆ ಮಾಡೋಣ.